ಮೀಸೆ ಮೀನು ನಮ್ಮ ಹೊಳೆಯದೇ

ಮೀನಿನ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ನಾನು ಹೇಳಿದ ದಿನ ನಮ್ಮ ಮನೆಯಲ್ಲಿ ಯಾರೂ ಸಿಟ್ಟಾಗಲಿಲ್ಲ. ಎಲ್ಲರೂ ನಕ್ಕರು. ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಆಗ ನಾನೂ ನಾಲ್ಕು ಮಾತಾಡಬಹುದಿತ್ತು. ನಮ್ಮದು ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಸೀರೆಯ ಅಂಗಡಿ ಇಟ್ಟವರ ಮನೆ. ಅಪ್ಪ ಮತ್ತು ಕಾಕಾ ಇಬ್ಬರೂ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೆಳೆದವರು. ತಲೆತಲಾಂತರದಿಂದ ಸಸ್ಯಾಹಾರಿಗಳು. ಊಟಕ್ಕೆ ಕೂತಾಗ ಮೀನು ಅನ್ನುವ ಶಬ್ದವನ್ನೂ ಆಡುತ್ತಿರಲಿಲ್ಲ.

"ಎಂಎಸ್ಸಿಯೊಳಗ ಕಪ್ಪಿ ಕೊಯ್ದಿ, ಸುಮ್ಮನಿದ್ವಿ," ಎಂದರು ಕಾಕಾ, ರೊಟ್ಟಿ ಮುರಿಯುತ್ತ. "ಈಗ ಮೀನ? ಸಂತ್ಯಾಗ ಬುಟ್ಟಿ ಇಟಗೊಂಡು ಕುಂಡ್ರತೀಯೇನು?"

"ಕುಂತರ ಏನಾತ್ರಿ ಕಾಕಾ?" ಎಂದೆ. ಆಗ ನಗು ನಿಂತಿತು.

ಆಯಿ ಮಾತ್ರ, ಅಂದರೆ ಅಪ್ಪನ ತಾಯಿ, ನಗಲೂ ಇಲ್ಲ, ಬಯ್ಯಲೂ ಇಲ್ಲ. ಆಕೆಯ ತವರು ಕುರ್ತಕೋಟಿ. ಎರೆ ಹೊಲದ ಊರು. ಬಾವಿ ಬಿಟ್ಟರೆ ಬೇರೆ ನೀರು ಕಾಣದೆ ದೊಡ್ಡವಳಾದವಳು. ಜೀವಂತ ಮೀನನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ. ಕೈ ತೊಳೆದುಕೊಂಡು ಬಂದು ಒಂದೇ ಕಾನೂನು ಹಾಕಿದಳು: "ಸತ್ತ ಮೀನ ಮುಟ್ಟಿ ಬಂದಿ ಅಂದ್ರ ಹಿತ್ತಲ ನಳದ ಕೆಳಗ ಜಳಕ ಮಾಡಬೇಕು. ತಣ್ಣೀರ್ಲೆ. ಆಮ್ಯಾಲ ಒಳಗ ಬಾ." ನಾನು ಆಗಲಿ ಎಂದೆ. ಮುಂದೆ ಕಾರ್ತೀಕದ ಚಳಿಯಲ್ಲೂ ಆ ಕಾನೂನನ್ನು ಮುರಿಯಲಿಲ್ಲ. ಹಟಕ್ಕೆ ಹಟ.

ಇಷ್ಟಕ್ಕೂ ಮೀನೇ ಯಾಕೆ ಎಂದು ಕೇಳಿದವರಿಗೆ ನಾನು ಹೇಳುವುದು ಒಂದು ಎಲುಬಿನ ಕತೆ. ಎಂಎಸ್ಸಿ ಓದುವಾಗ ಪ್ರಯೋಗಾಲಯದಲ್ಲಿ ಅಂಗೈಯಗಲದ ಒಂದು ಗೆಂಡೆ ಮೀನನ್ನು ಕೊಯ್ದಿದ್ದೆ. ಅದರ ಬಾಯಿ ತೆರೆದು ನೋಡಿದರೆ ಒಂದೂ ಹಲ್ಲಿಲ್ಲ. ಬೊಚ್ಚು ಬಾಯಿ. ಒಳಗೆ ಇನ್ನೂ ಆಳಕ್ಕೆ, ಕಿವಿರುಗಳ ಹಿಂದೆ ಗಂಟಲಿಗೆ ಚಿಮಟ ಹಾಕಿದಾಗ ಎರಡು ಬಾಗಿದ ಎಲುಬು ಸಿಕ್ಕವು. ಅವುಗಳ ಮೇಲೆ ಸಾಲುಸಾಲಾಗಿ ಹಲ್ಲು. ಈ ಜಾತಿಯ ಮೀನುಗಳಿಗೆ ಹಲ್ಲಿರುವುದು ಗಂಟಲಲ್ಲಿ, ಜಠರ ಎಂದು ಕರೆಯುವ ಚೀಲವೇ ಇಲ್ಲ. ಗಂಟಲಲ್ಲಿ ಅರೆದದ್ದು ನೇರ ಕರುಳಿಗೆ ಹೋಗುತ್ತದೆ. ತುಟಿಯ ಅಂಚಿನಲ್ಲಿ ಮೀಸೆ. ಕೆಲವಕ್ಕೆ ಎರಡು, ಕೆಲವಕ್ಕೆ ನಾಲ್ಕು, ಕೆಲವು ಸಣ್ಣ ಜಾತಿಗೆ ಇಲ್ಲವೇ ಇಲ್ಲ. ಆ ಮೀಸೆಯಲ್ಲಿ ನಾಲಿಗೆಯಲ್ಲಿರುವಂತೆ ರುಚಿಯ ಮೊಗ್ಗುಗಳಿರುತ್ತವೆ. ರಾಡಿ ನೀರಿನಲ್ಲಿ ಕಣ್ಣು ಕಾಣದಿದ್ದರೂ ತಳದ ಮಣ್ಣನ್ನು ಮೀಸೆಯಿಂದಲೇ ಸವರಿ, ರುಚಿ ನೋಡಿ, ಬೇಕಾದ್ದನ್ನು ಮೇಯುತ್ತವೆ. ಆ ಎಲುಬುಗಳನ್ನು ತೊಳೆದು ಹತ್ತಿಯಲ್ಲಿ ಸುತ್ತಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡೆ. ನನ್ನ ದಾರಿ ಅಂದೇ ನಿಶ್ಚಯವಾಗಿತ್ತು.

ಪಿಎಚ್‌ಡಿಗೆ ನನಗೆ ಸಿಕ್ಕ ಮಾರ್ಗದರ್ಶಕರು ಹಿರಿಯರು, ಒಳ್ಳೆಯ ಹೆಸರಿದ್ದವರು. ಮೊದಲ ದಿನವೇ ಮೇಜಿನ ಮೇಲೆ ಒಂದು ನಕ್ಷೆ ಬಿಚ್ಚಿದರು. ಮೀಸೆ ಮೀನಿನ ಜಾತಿಗಳು ಎಲ್ಲೆಲ್ಲಿ ಸಿಕ್ಕಿವೆ ಎಂದು ತೋರಿಸುವ ಕರ್ನಾಟಕದ ನದಿಗಳ ನಕ್ಷೆ. ಘಟ್ಟದ ಬುಡದಲ್ಲಿ ಕಪ್ಪು ಚುಕ್ಕೆಗಳು ಇರುವೆ ಸಾಲಿನ ಹಾಗೆ ಮುತ್ತಿಕೊಂಡಿದ್ದವು. ನಮ್ಮ ಕಡೆ, ಶಿರಹಟ್ಟಿ, ಮುಂಡರಗಿಯ ಅಂಚಿನಲ್ಲಿ ತುಂಗಭದ್ರೆಯ ನೀಲಿ ಗೆರೆ ಹಾದುಹೋಗುವಲ್ಲಿ, ಚುಕ್ಕೆಯೇ ಇಲ್ಲ. ಖಾಲಿ.

"ನಿಮ್ಮ ಗದಗ ಕಡೆ ಏನೈತಿ ನೋಡಾಕ?" ಎಂದರು ಅವರು. "ಶಿರಸಿ ಕಡೆ ಹೋಗವಾ. ತಿಳಿನೀರು, ಕಲ್ಲಿನ ಹಳ್ಳ. ಜಲ್ದಿ ಕೆಲಸ ಆಗತೈತಿ."

"ಇಲ್ಲಿ ಹುಡುಕಿ ಇಲ್ಲ ಅಂದಾರೋ, ಹುಡುಕದನ ಇಲ್ಲ ಅಂದಾರೋ ಸರ್?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನ್ನ ಇಷ್ಟ," ಎಂದು ನಕ್ಷೆ ಮಡಚಿದರು.

ಮೊದಲ ವರ್ಷ ಡಂಬಳದ ಕೆರೆಯಿಂದ ಶುರುಮಾಡಿದೆ. ಕೆರೆಯಲ್ಲಿ ಸಿಕ್ಕವು ಬೆರಳುದ್ದದ ಪಕ್ಕೆ ಮೀನುಗಳು. ಬಾಲದ ಹತ್ತಿರ ಕಪ್ಪು ಬೊಟ್ಟು, ಮೀಸೆ ಇಲ್ಲ. ಜನ ಅವನ್ನು ಕಸದ ಮೀನು ಎನ್ನುತ್ತಿದ್ದರು. ಕೆರೆ ಬತ್ತಿ ಮೊಣಕಾಲುದ್ದ ನೀರು ಉಳಿದಾಗಲೂ ಅವು ಬದುಕಿರುತ್ತವೆ, ಮೊದಲ ಮಳೆ ಬಿದ್ದ ಕೂಡಲೇ ಮೊಟ್ಟೆ ಇಟ್ಟು ಮತ್ತೆ ಕೆರೆ ತುಂಬಿಸುತ್ತವೆ. ಇಷ್ಟು ಗಟ್ಟಿ ಜೀವಕ್ಕೆ ಕಸ ಎಂದವರ ಮೇಲೆ ನನಗೆ ರೇಗುತ್ತಿತ್ತು. ಆದರೆ ನನಗೆ ಬೇಕಾದದ್ದು ಹೊಳೆ. ಹೊಳೆಗೆ ಇಳಿಯಲು ಹರಗೋಲು ಬೇಕು, ಹರಗೋಲಿನವರು ನನ್ನನ್ನು ಹತ್ತಿಸಿಕೊಳ್ಳಲು ತಯಾರಿರಲಿಲ್ಲ.

ಮುಂಡರಗಿ ತಾಲ್ಲೂಕಿನ ಒಂದು ಹೊಳೆದಂಡೆಯ ಊರಲ್ಲಿ ಬೆಳಗಿನಿಂದ ನಿಂತಿದ್ದೆ. ಒಬ್ಬರಾದ ಮೇಲೆ ಒಬ್ಬರು ಗಂಡಸರು ಅದೇ ಮಾತು ಹೇಳಿದರು. ಹೆಣ್ಣುಮಕ್ಕಳು ಹರಗೋಲಿನಲ್ಲಿ ನಿಂತರೆ ಬಲೆಗೆ ಮೀನು ಬೀಳುವುದಿಲ್ಲವಂತೆ. ಆಗ ಹೊಳೆಯ ಆಚೆಯಿಂದ ಒಂದು ಹರಗೋಲು ಬಂತು. ಅದರಲ್ಲಿ ಸೀರೆಯ ನೆರಿಗೆ ಎತ್ತಿ ಕಟ್ಟಿದ ಒಬ್ಬ ಹೆಂಗಸು ಒಬ್ಬಳೇ ನಿಂತು ಹುಟ್ಟು ಹಾಕುತ್ತಿದ್ದಳು. ಕಾಲ ಬಳಿ ಒದ್ದೆ ಬಲೆ, ಬುಟ್ಟಿಯಲ್ಲಿ ಮೀನು.

"ಹೆಂಗಸರು ಹತ್ತಿದ್ರ ಮೀನ ಬೀಳಂಗಿಲ್ಲಂತ?" ಎಂದು ನಾನು ಆಕೆಯನ್ನೇ ಕೇಳಿದೆ, ಗಂಡಸರಿಗೆ ಕೇಳುವಂತೆ.

ಆಕೆ ಬುಟ್ಟಿಯನ್ನು ಅವರ ಮುಂದೆಯೇ ಕುಕ್ಕಿದಳು. "ಇವೇನ ಮ್ಯಾಲಿಂದ ಉದುರ್ಯಾವೇನ ತಂಗೀ?"

ಅಂದಿನಿಂದ ಆಕೆ ನನಗೆ ಅಕ್ಕನಾದಳು. ಅಂಬಿಗರ ಮನೆಯವಳು. ಅಪ್ಪ ಹುಷಾರಿಲ್ಲದೆ ಮಲಗಿದಾಗ ಅಣ್ಣಂದಿರು ಹರಗೋಲನ್ನು ಮಾರಲು ಹೊರಟರಂತೆ, ಈಕೆ ಅದರಲ್ಲಿ ಹೋಗಿ ಕೂತುಬಿಟ್ಟಳಂತೆ, ಎಬ್ಬಿಸಲು ಯಾರಿಂದಲೂ ಆಗಲಿಲ್ಲವಂತೆ. ಗಂಡ ಟೆಂಪೋ ಓಡಿಸುತ್ತಿದ್ದ. ಹೆಂಡತಿಯ ಕೆಲಸಕ್ಕೆ ಆತ ಅಡ್ಡ ಬಂದವನಲ್ಲ, ಹೊಳೆಗೆ ಇಳಿದವನೂ ಅಲ್ಲ. ಆತನಿಗೆ ನೀರೆಂದರೆ ಹೆದರಿಕೆ.

ತಿಂಗಳಿಗೆ ಮೂರು ನಾಲ್ಕು ಸಲ ಗದಗಿನಿಂದ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಅಕ್ಕ ಬಲೆ ಬೀಸುತ್ತಿದ್ದಳು. ಬಿದ್ದ ಮೀನಿನಲ್ಲಿ ನನಗೆ ಬೇಕಾದ್ದನ್ನು ಅಳೆದು, ತೂಗಿ, ಪಕ್ಕೆಯ ಗೆರೆಯ ಮೇಲಿನ ಹುರುಪೆ ಎಣಿಸಿ, ಒಂದೆರಡು ಹುರುಪೆ ಕಿತ್ತುಕೊಳ್ಳುತ್ತಿದ್ದೆ. ಮರದ ಕಾಂಡದಲ್ಲಿ ಇರುವಂತೆ ಹುರುಪೆಯಲ್ಲೂ ಬಳೆಗಳಿರುತ್ತವೆ, ಅವುಗಳಿಂದ ಮೀನಿನ ವಯಸ್ಸು ಗೊತ್ತಾಗುತ್ತದೆ. ಮಧ್ಯಾಹ್ನ ದಂಡೆಯ ಜಾಲಿ ನೆರಳಲ್ಲಿ ಆಕೆ ಮೀನು ಸುಟ್ಟುಕೊಂಡು ತಿನ್ನುತ್ತಿದ್ದಳು. ನಾನು ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದೆ.

"ತಿನ್ನಲಾರದ ಮೀನಿನ ಮ್ಯಾಲ ನಿನಗ ಇಷ್ಟ್ಯಾಕ ಜೀವ?" ಎಂದು ಒಮ್ಮೆ ಕೇಳಿದಳು.

"ನೀವು ಹೊಳಿ ತಿಂತೀರೇನ್ ಅಕ್ಕಾರ? ಮತ್ತ ಅದರ ಮ್ಯಾಲ್ಯಾಕ ಜೀವ?"

"ಮಾತಿಗೇನ ಕಮ್ಮಿ ಇಲ್ಲ," ಎಂದು ಮುಳ್ಳು ಉಗುಳಿದಳು.

ಮೀನುಗಳ ಬಗ್ಗೆ ನಾವು ಹೊಡೆದಾಡದ ದಿನವಿರಲಿಲ್ಲ. ಎರಡು ಮೀಸೆಯದು ಹೆಣ್ಣು, ನಾಲ್ಕು ಮೀಸೆಯದು ಗಂಡು ಎಂಬುದು ಅಕ್ಕನ ಗಟ್ಟಿ ನಂಬಿಕೆ. ಅವು ಬೇರೆ ಬೇರೆ ಜಾತಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಗಂಡಸಿಗಲ್ಲವೇ ಮೀಸೆ ಜಾಸ್ತಿ ಇರಬೇಕಾದದ್ದು? ಮಳೆಗಾಲದ ಬಾಯಲ್ಲಿ ಒಂದು ದಿನ ನಾಲ್ಕು ಮೀಸೆಯ ಗೆಂಡೆಯೊಂದನ್ನು ಆಕೆಯ ಕಣ್ಣೆದುರೇ ಕೊಯ್ದೆ. ಹೊಟ್ಟೆ ತುಂಬ ಸಾಸಿವೆಯಂಥ ಹಳದಿ ತತ್ತಿ. ಅಕ್ಕ ಬಗ್ಗಿ ನೋಡಿದಳು, ಬೆರಳಿನಿಂದ ತತ್ತಿ ಮುಟ್ಟಿದಳು, ಮತ್ತೆ ಮೀಸೆ ಎಣಿಸಿದಳು. ಆಮೇಲೆ ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಗಂಡಸರ ಕಡೆ ತಿರುಗಿ ಕೂಗಿದಳು: "ಬರ್ರಿ ನೋಡಬರ್ರಿ! ನಾಕ ಮೀಸಿ ಇಟಗೊಂಡು ಬಸರಿ ಆಗೇತಿ ಇದು! ನೀವೇನ ದೊಡ್ಡ ಮೀಸಿಯವರು!" ಸೋತದ್ದನ್ನು ಅಷ್ಟು ಸಂತೋಷದಿಂದ ಒಪ್ಪಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಮಾರ್ಗದರ್ಶಕರ ಜೊತೆಗಿನ ನನ್ನ ಜಗಳಕ್ಕೆ ಕಾರಣವಾದ ಮೀನು ಸಿಕ್ಕದ್ದು ಅದೇ ಮಳೆಗಾಲದ ಮುಂಚೆ. ಹೊಳೆ ಸೊರಗಿ ನಡುವೆ ಬಂಡೆಗಳು ಎದ್ದಿದ್ದವು. ಬಂಡೆಗಳ ಸಂದಿನ ಮಡುವಿನಲ್ಲಿ ಅಕ್ಕ ಬೀಸಿದ ಬಲೆ ಭಾರವಾಗಿ ಎದ್ದಿತು. ಮೊಳದುದ್ದದ ಮೀನು. ಹಿತ್ತಾಳೆಯ ಬಣ್ಣ, ಅಂಗುಷ್ಠದ ಉಗುರಿನಷ್ಟು ದೊಡ್ಡ ಹುರುಪೆ, ದಪ್ಪ ತುಟಿ, ಕೆಳಗೆ ಬಾಗಿದ ಬಾಯಿ, ನಾಲ್ಕು ಉದ್ದ ಮೀಸೆ. ಗೆಂಡೆ ಅಲ್ಲವೇ ಅಲ್ಲ. ಹುರುಪೆಯನ್ನು ಎರಡು ಸಲ ಎಣಿಸಿದೆ. ಮಾರ್ಗದರ್ಶಕರ ನಕ್ಷೆಯಲ್ಲಿ ಘಟ್ಟದ ಬುಡದಲ್ಲಷ್ಟೇ ಚುಕ್ಕೆಯಿದ್ದ ಮೀನು ಅದು.

"ಇದನ್ನ ಮೊದಲ ನೋಡೀರೇನ್ ಅಕ್ಕಾರ?"

"ವರ್ಷಕ್ಕ ಒಂದೊ ಎರಡೊ ಬೀಳತಾವ. ಹೊಳಿ ಮೀನ. ಅದರಾಗೇನೈತಿ?"

ಅದರಲ್ಲಿ ಏನಿದೆ ಎಂದು ನಾನು ವಿಶ್ವವಿದ್ಯಾಲಯಕ್ಕೆ ಹೋಗಿ ಮಾರ್ಗದರ್ಶಕರ ಮುಂದೆ ಆ ಮೀನನ್ನು ಮುಳುಗಿಸಿಟ್ಟ ದೊಡ್ಡ ಗಾಜಿನ ಜಾಡಿ ಇಟ್ಟು ಹೇಳಿದೆ. ಇವು ಸಿಹಿನೀರಿನ ಮೀನು. ಉಪ್ಪು ನೀರಿನಲ್ಲಿ ಬದುಕಲಾರವು, ಗುಡ್ಡ ಹತ್ತಲಾರವು. ಯುರೋಪಿನಲ್ಲಿ, ಆಫ್ರಿಕದಲ್ಲಿ, ನಮ್ಮಲ್ಲಿ ಇವುಗಳ ಬಳಗ ಹರಡಿದ್ದು ನದಿಯಿಂದ ನದಿಗೆ, ನೀರು ನೀರನ್ನು ಮುಟ್ಟಿದಲ್ಲಿ ಮಾತ್ರ. ಆದ್ದರಿಂದ ಒಂದು ಚುಕ್ಕೆ ಎಂದರೆ ಬರಿ ಚುಕ್ಕೆಯಲ್ಲ, ಆ ನೀರಿನ ಹಳೆಯ ದಾರಿಗೆ ಸಾಕ್ಷಿ. ಅವರು ಜಾಡಿಯನ್ನು ಬೆಳಕಿನ ಕಡೆ ತಿರುಗಿಸಿ ನೋಡಿದರು.

"ಮೀನು ಅದಽ ಹೌದು. ಆದ್ರ ನಿಮ್ಮ ಹೊಳಿದಲ್ಲ," ಎಂದರು. "ಮಳಿಗಾಲದಾಗ ಮ್ಯಾಲಿಂದ ತೇಲಿಕೊಂಡು ಬಂದಿರತೈತಿ. ಇಲ್ಲಾ, ಆ ಹೆಣ್ಮಗಳು ಯಾವುದೋ ಸಂತಿಯಾಗಿಂದು ತಂದು ನಿನಗ ತೋರಿಸಿರ್ತಾಳ. ಅಧ್ಯಾಯದಾಗಿಂದ ತಗದು ಹಾಕು. ನಾಳೆ ಪರೀಕ್ಷಕರು ನನ್ನ ಕೇಳತಾರ, ನಿನ್ನಲ್ಲ."

"ನನ್ನ ಕಣ್ಣಾರೆ ಬಲಿಯೊಳಗ ಬಿತ್ತು ಸರ್."

"ಒಂದು ಮೀನ ಅಂದ್ರ ಮನಿಗೆ ಬಂದ ಬೀಗ ಇದ್ದಂಗ. ಬಂದಾನ ಅಂದಕೂಡ್ಲೆ ಮನಿಯವ ಆಗಂಗಿಲ್ಲ. ಇಲ್ಲೇ ಹುಟ್ಟೇತಿ ಅಂತ ತೋರಿಸು, ಆಗ ನೋಡೂಣು."

ಮಾತು ಚುಚ್ಚಿತು. ಆದರೆ ಅದರಲ್ಲಿ ದಾರಿಯೂ ಇತ್ತು. ಇಲ್ಲೇ ಹುಟ್ಟಿದೆ ಎಂದು ತೋರಿಸಬೇಕಾದರೆ ಮರಿ ಬೇಕು. ಈ ಮೀನುಗಳು ಹೊಸ ನೀರು ಬಂದಾಗ ಹರಿವಿಗೆ ಎದುರಾಗಿ ಈಜಿ, ಗರಸಿನ, ಅಂದರೆ ಸಣ್ಣ ಕಲ್ಲುಹರಳಿನ, ಮೇಲೆ ತೆಳ್ಳಗೆ ಓಡುವ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಹೊಳೆ ಇಳಿದ ಮೇಲೆ ಮರಿಗಳು ದಂಡೆಯ ಅಂಚಿನ ಕಲ್ಲುಗಳ ನಡುವೆ ಇರಬೇಕು. ಅಂದರೆ ಮಹಾನವಮಿಯ ತನಕ ಕಾಯಬೇಕು. ಕಾದೆ.

ಕಾಯುವ ದಿನಗಳಲ್ಲೇ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಬರುವ ಮುಂಚೆ ಕಾಕಾ ತಾಕೀತು ಮಾಡಿದ್ದರು: "ಬಯಾಲಜಿ ಅನ್ನು. ಅಷ್ಟ ಸಾಕು." ಅವಲಕ್ಕಿ, ಚಹಾ ಆಯಿತು. ಗಂಡಿನ ತಾಯಿ ನಯವಾಗಿಯೇ ಕೇಳಿದರು, "ಬಯಾಲಜಿಯೊಳಗ ಏನ್ ಮಾಡ್ತೀವಾ?"

"ಮೀನ್ರಿ," ಎಂದೆ. "ತುಂಗಭದ್ರಾದಾಗಿನ ಮೀಸಿ ಇರೋ ಮೀನ. ಅವಕ್ಕ ಗಂಟಲದಾಗ ಹಲ್ಲ ಇರತಾವ್ರಿ."

ಅವರ ಕೈಯಲ್ಲಿದ್ದ ಚಮಚ ತಟ್ಟೆಗೆ ಇಳಿಯಿತು. ಹುಡುಗ ಮಾತ್ರ ಕುತೂಹಲದಿಂದ, "ಗಂಟಲದಾಗ?" ಎಂದ. ನನಗೆ ಅಷ್ಟರಲ್ಲೇ ಅವನು ಇಷ್ಟವಾಗಿದ್ದ. ಆದರೆ ಅವರ ಮನೆಯಿಂದ ಮತ್ತೆ ಖಬರು ಬರಲಿಲ್ಲ. ಕಾಕಾ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ನಾನು ಇವತ್ತಿಗೂ ಮದುವೆಯಾಗಿಲ್ಲ. ಅದಕ್ಕೆ ಮೀನು ಕಾರಣವೆಂದು ಬೆಟಗೇರಿಯಲ್ಲಿ ಅರ್ಧ ಜನ ನಂಬಿದ್ದಾರೆ. ನಂಬಲಿ ಬಿಡಿ.

ಮಹಾನವಮಿ ಮುಗಿದ ವಾರ ನಾನೂ ಅಕ್ಕನೂ ಸೊಳ್ಳೆಪರದೆಯ ಬಟ್ಟೆಯಲ್ಲಿ ಹೊಲಿದ ಜಾಳಿಗೆ ಹಿಡಿದು ಗರಸಿನ ಅಂಚಿಗೆ ಇಳಿದೆವು. ಹೊಳೆಯ ಆ ಭಾಗದ ಮೀನನ್ನು ಗುತ್ತಿಗೆ ಹಿಡಿದವನ ಆಳೊಬ್ಬ ಮೋಟಾರ್ ಸೈಕಲ್ ನಿಲ್ಲಿಸಿ ಬಂದ. ಗುತ್ತಿಗೆಯವನು ಕಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟಿದ್ದ. ಅವುಗಳನ್ನೇ ನಾವು ಕದಿಯುತ್ತಿದ್ದೇವೆಂದು ಇವನ ತಕರಾರು.

"ಮರಿ ಹಿಡಿಯಂಗಿಲ್ಲ. ಎದ್ದ ಬರ್ರಿ ಮ್ಯಾಲ," ಎಂದ.

"ನಿಮ್ಮ ಮೀನ ನಮಗ ಬ್ಯಾಡ್ರಿ. ಹೊಳಿ ಮೀನಿನ ಮರಿ ನೋಡಾಕ ಹತ್ತೀವಿ," ಎಂದೆ.

"ಹೊಳಿನಽ ನಮ್ದು. ಗುತ್ತಿಗಿ ಹಿಡದೀವಿ."

ಅಕ್ಕ ನೀರಿನಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. "ನೀವು ಬಿಟ್ಟ ಮೀನಿಗೆ ಗುತ್ತಿಗಿ. ಯಾರೂ ಬಿಡಲಾರದ ಬಂದ ಮೀನಿಗೆ ಎಲ್ಲಿ ಗುತ್ತಿಗಿ? ನಮ್ಮಪ್ಪ ಇದ ನೀರಾಗ ಕಣ್ಣ ಬಿಟ್ಟಾನ. ನೀ ಗಾಡಿಯಿಂದ ಇಳದಿ, ಬೂಟ ಒದ್ದಿ ಮಾಡಕೊಳ್ಳಾಕ ಮನಸಿಲ್ಲ ನಿನಗ. ಇಳದ ಬಾ, ಯಾವ ಮರಿ ನಿಮ್ದು ಅಂತ ಎಣಿಸಿಕೊಂಡು ಹೋಗು."

ಅವನು ಇಳಿಯಲಿಲ್ಲ. ಫೋನಿನಲ್ಲಿ ಯಾರಿಗೋ ಏನೋ ಹೇಳಿದ, ನಮ್ಮ ಫೋಟೋ ಹೊಡೆದ, ಹೋದ. ನಮಗೆ ಹೆದರಿಕೆ ಆಗಲಿಲ್ಲವೆಂದರೆ ಸುಳ್ಳು. ಆದರೂ ಇಬ್ಬರೂ ಮತ್ತೆ ಬಗ್ಗಿದೆವು. ಊಟದ ಹೊತ್ತಿಗೆ ಜಾಳಿಗೆಯಲ್ಲಿ ಕೆಲವು ಮರಿ ಕುಣಿದವು. ಕಿರುಬೆರಳಿನ ಅರ್ಧದಷ್ಟಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ತುಟಿಯ ತುದಿಯಲ್ಲಿ ಕೂದಲೆಳೆಯಂಥ ಮೀಸೆಯ ಚಿಗುರು. ಮೇಲಿನಿಂದ ತೇಲಿ ಬಂದ ನಂಟರಲ್ಲ ಇವು. ಇಲ್ಲೇ ಹುಟ್ಟಿದ ಕೂಸುಗಳು.

ಆದರೆ ಅಷ್ಟು ಎಳೆಯ ಮರಿಯನ್ನು ಇಂಥದೇ ಜಾತಿ ಎಂದು ಯಾರೂ ಒಪ್ಪಲಾರರು. ಅವನ್ನು ಬೆಳೆಸಬೇಕು. ಪ್ರಯೋಗಾಲಯದಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಅಲ್ಲಿ ಬಿಟ್ಟರೆ ಸಾಯುವುದು ಖರೆ. ನಮ್ಮ ಮನೆಯ ಹಿತ್ತಿಲಲ್ಲಿ ಹಳೆಯ ಕಲ್ಲಿನ ಹೌದು, ಅಂದರೆ ನೀರಿನ ತೊಟ್ಟಿ, ಒಂದಿತ್ತು. ಅಕ್ಕನ ಸ್ಟೀಲಿನ ಕೊಡದಲ್ಲಿ ಹೊಳೆ ನೀರು ತುಂಬಿ ಮರಿ ಬಿಟ್ಟುಕೊಂಡು ಬಸ್ಸು ಹತ್ತಿದೆ.

"ಏನೈತಿ ಕೊಡದಾಗ?" ಎಂದು ಕಂಡಕ್ಟರ್ ಕೇಳಿದ.

"ಮೀನ. ಜೀವಂತ ಅದಾವ."

"ಇಳೀರಿ. ವಾಸನಿ ಬರತೈತಿ ಅಂತ ಜನ ಒದರತಾರ."

"ಮೂಸಿ ನೋಡ್ರಿ. ವಾಸನಿ ಇದ್ರ ಇಳೀತೇನಿ."

ಅವನು ಬಗ್ಗಿ ಮೂಸಿದ. ಹೊಳೆ ನೀರಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಟಿಕೆಟ್ ಹರಿದು ಕೊಟ್ಟ. ಕೊಡದ ನೀರಿಗೆ ಗಾಳಿ ಸೇರಲೆಂದು ನಾನು ಲೋಟದಿಂದ ನೀರು ಎತ್ತಿ ಎತ್ತಿ ಸುರಿಯುತ್ತಿದ್ದೆ. ಡಂಬಳ ದಾಟುವಷ್ಟರಲ್ಲಿ ಕೈ ಸೋತಿತ್ತು. ಪಕ್ಕದ ಸೀಟಿನಲ್ಲಿ ಬುರ್ಖಾ ಹಾಕಿದ ವಯಸ್ಸಾದ ಹೆಂಗಸೊಬ್ಬರು ಆಗಿನಿಂದ ನೋಡುತ್ತಿದ್ದವರು, "ಇಲ್ಲಿ ಕೊಡು ಬೇಟಾ," ಎಂದು ಲೋಟ ಕಸಿದುಕೊಂಡು ತಾವೇ ಸುರಿಯತೊಡಗಿದರು. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಗದಗ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಕೊಡಕ್ಕೆ ಇಣುಕಿ, "ಎಲ್ಲಾ ಆರಾಮ ಅದಾವ," ಎಂದರು.

ಹಿತ್ತಿಲ ಬಾಗಿಲಲ್ಲಿ ಕಾಕಾ ನಿಂತಿದ್ದರು. ಕೊಡ ನೋಡಿದ್ದೇ ಅವರ ಮುಖ ಕೆಂಪಾಯಿತು.

"ಹೊರಗ ಏನರ ಮಾಡಕೋ. ಈ ಮನಿ ಹೊಸ್ತಲದೊಳಗ ಮೀನ ಬರಂಗಿಲ್ಲ. ಇವತ್ತ ನಾನಿರಬೇಕು, ಇಲ್ಲಾ ಅವಿರಬೇಕು."

ನಾನು ಹಿಂದೆ ಸರಿಯಲಿಲ್ಲ. ಕೊಡ ತೋಳಿಗೆ ಭಾರವಾಗಿತ್ತು, ಕೆಳಗಿಡಲೂ ಇಲ್ಲ. "ನೀರಿನ ಹೌದು ಹಿತ್ತಲದಾಗ ಐತಿ ಕಾಕಾ, ಹೊಸ್ತಲದಾಗಲ್ಲ. ನೀವು ಹಾದಿ ಬಿಡೂತನಕ ನಾ ಇಲ್ಲೇ ನಿಂದರತೇನಿ," ಎಂದೆ. ಗಲಾಟೆ ಕೇಳಿ ಅವ್ವ, ಅಪ್ಪ, ಕಡೆಗೆ ಕೋಲು ಊರಿಕೊಂಡು ಆಯಿ ಬಂದರು. ಆಯಿ ಕೊಡದೊಳಗೆ ಬಹಳ ಹೊತ್ತು ನೋಡಿದಳು.

"ಇವು ಜೀವಂತ ಅದಾವ," ಎಂದಳು.

"ಹೌದ ಆಯಿ."

"ಕೊಲ್ಲತೀಯೇನು?"

"ಇಲ್ಲ. ಬೆಳಸತೇನಿ."

ಆಯಿ ಕಾಕಾನ ಕಡೆ ತಿರುಗಿದಳು. "ನಾ ಸತ್ತದ್ದ ಮುಟ್ಟಿದ್ರ ಜಳಕ ಮಾಡು ಅಂದಿದ್ದೆ. ಜೀವ ಇದ್ದದ್ದಕ್ಕ ನೀರ ಕೊಡಬ್ಯಾಡ ಅಂತ ಯಾವಾಗ ಅಂದೇನಿ? ಸರಿ ಅತ್ತಾಗ."

ಕಾಕಾ ಸರಿದರು. ಮನೆ ಬಿಟ್ಟೂ ಹೋಗಲಿಲ್ಲ, ಊಟವನ್ನೂ ಬಿಡಲಿಲ್ಲ. ಆದರೆ ಯುಗಾದಿಯವರೆಗೆ ಹಿತ್ತಿಲಿಗೆ ಕಾಲಿಡಲಿಲ್ಲ.

ಹೌದಿನ ತಳಕ್ಕೆ ಗರಸು ಹಾಸಿ, ಸಣ್ಣ ಪಂಪು ಕೂಡಿಸಿ ನೀರು ಹರಿಯುವಂತೆ ಮಾಡಿದೆ. ಕೆಲವು ಮರಿ ಸತ್ತವು. ಉಳಿದವು ಬೆಳೆದವು. ಹಿಟ್ಟು ಹಾಕಿದರೆ ತಳಕ್ಕೆ ಇಳಿಯುವ ತನಕ ಕಾದು, ಮೀಸೆ ಆಡಿಸುತ್ತ ಗರಸು ಸವರಿ ಹೆಕ್ಕುತ್ತಿದ್ದವು. ಆಯಿ ಮಧ್ಯಾಹ್ನ ಅಲ್ಲೇ ಖುರ್ಚಿ ಹಾಕಿಸಿಕೊಂಡು ಕೂತು ಬೆಕ್ಕುಗಳನ್ನು ಬೆದರಿಸುತ್ತಿದ್ದಳು. ನನ್ನ ಸಂಶೋಧನೆ ಏನೆಂದು ಕೇಳಿದವಳಲ್ಲ. ಆದರೆ ನೋಡಲು ಬಂದ ಓಣಿಯ ಹೆಂಗಸರಿಗೆ, "ಗಂಟಲದಾಗ ಹಲ್ಲ ಅದಾವ ಇವಕ್ಕ, ಕಾಣಂಗಿಲ್ಲ," ಎಂದು ವಿವರಿಸುವುದನ್ನು ಅಡುಗೆಮನೆಯ ಕಿಟಕಿಯಿಂದ ನಾನೇ ಕೇಳಿದ್ದೇನೆ.

ಯುಗಾದಿಯ ನಂತರ ಗದಗಿನಲ್ಲಿ ಒಂದು ಮದುವೆಗೆ ಬಂದ ಮಾರ್ಗದರ್ಶಕರನ್ನು ಬಿಡದೆ ಮನೆಗೆ ಕರೆದುಕೊಂಡು ಬಂದೆ. ಮೀನುಗಳು ಆಗ ಗೇಣಿಗೆ ಸ್ವಲ್ಪ ಕಡಿಮೆ ಇದ್ದವು. ಒಂದನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಅವರ ಮುಂದೆ ಚಾಚಿದೆ. ಹೊಸ ಅಂಗಿಯ ತೋಳು ಮಡಚಿಕೊಂಡು ತಾವೇ ಹುರುಪೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮೀಸೆ ನೋಡಿದರು. ಮೀನನ್ನು ತಾವೇ ನೀರಿಗೆ ಬಿಟ್ಟು ಕೈ ಒರೆಸಿಕೊಂಡರು.

"ಇರಲಿ," ಎಂದರು. "ಹಾಕು. ಆದ್ರ ಮುಂದ 'ಬಹುಶಃ' ಅಂತ ಒಂದು ಶಬ್ದ ಸೇರಿಸು. ಬಹುಶಃ ಇಲ್ಲೇ ಸಂತಾನ ಆಗತೈತಿ. ನಿನಗೂ ಚಲೋ, ನನಗೂ ಚಲೋ."

"ಇಲ್ಲ ಸರ್."

"ಒಂದ ಶಬ್ದಕ್ಕ ಇಷ್ಟ ಹಟ?"

"ಘಟ್ಟದ ಕಡೆ ಚುಕ್ಕಿ ಇಟ್ಟವರು ಯಾರೂ ಬಹುಶಃ ಅಂದಿಲ್ಲ ಸರ್. ಅವರಿಗಿಂತ ಹೆಚ್ಚ ಪುರಾವೆ ನನ್ನ ಹತ್ರ ಐತಿ. ಮೊಟ್ಟಿಯಿಂದ ಬಂದ ಮರಿ ಹಿಡದೇನಿ, ಬೆಳಸೇನಿ, ನೀವ ಎಣಿಸೀರಿ. ಅದು ಮಲೆನಾಡಾಗಿದ್ರ ಈ ಶಬ್ದ ನೀವು ಕೇಳತಿದ್ದಿಲ್ಲ."

ಅವರು ಚಹಾ ಕುಡಿಯದೆ ಎದ್ದರು. ಆಮೇಲೆ ತಿಂಗಳುಗಟ್ಟಲೆ ನನ್ನ ಅಧ್ಯಾಯಗಳು ಅವರ ಮೇಜಿನ ಮೇಲೆ ಅಲುಗಾಡದೆ ಬಿದ್ದಿದ್ದವು. ನಾನು ಪ್ರತಿ ಸೋಮವಾರ ಹೋಗಿ ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಅವರು ಒಳಗೆ ಹೋಗುವಾಗ ನಮಸ್ಕಾರ, ಹೊರಗೆ ಬರುವಾಗ ನಮಸ್ಕಾರ. ಅಪ್ಪ ಒಮ್ಮೆ, "ಒಂದ ಶಬ್ದ ಬರದ್ರ ಏನ್ ಕಳಕೋತೀವಾ?" ಎಂದು ಕೇಳಿದರು. ಅವ್ವ, ಅಷ್ಟು ವರ್ಷ ಡಬ್ಬಿ ಕಟ್ಟಿಕೊಟ್ಟದ್ದು ಬಿಟ್ಟು ಮೀನಿನ ವಿಷಯಕ್ಕೆ ಬಾಯಿ ಹಾಕದವಳು, ಒಳಗಿನಿಂದ, "ಬರೀಬ್ಯಾಡ," ಎಂದಳು. ಅಷ್ಟೇ.

ಕಡೆಗೆ ಮಾರ್ಗದರ್ಶಕರು ಆ ಶಬ್ದವಿಲ್ಲದೆಯೇ ಸಹಿ ಮಾಡಿದರು. ಒಲಿದು ಮಾಡಿದರೋ, ಬೇಸತ್ತು ಮಾಡಿದರೋ ನನಗೆ ಗೊತ್ತಿಲ್ಲ. ಮೌಖಿಕ ಪರೀಕ್ಷೆಗೆ ಬೇರೆ ರಾಜ್ಯದಿಂದ ಬಂದ ಪರೀಕ್ಷಕರು ನೇರ ಆ ಪುಟಕ್ಕೇ ಹೋದರು. ಎಷ್ಟು ಖಾತ್ರಿ ಎಂದು ಕೇಳಿದರು. ಗರಸಿನ ಫೋಟೋ, ಮರಿಗಳ ಅಳತೆ, ತಿಂಗಳು ತಿಂಗಳಿನ ಬೆಳವಣಿಗೆ ಎಲ್ಲ ತೋರಿಸಿ, ಪೂರ್ತಿ ಖಾತ್ರಿ ಎಂದೆ. ಅವರು ಮಾರ್ಗದರ್ಶಕರ ಕಡೆ ನೋಡಿದರು.

"ಹುರುಪೆ ನಾನೇ ಎಣಿಸಿದ್ದೇನೆ," ಎಂದರು ನಮ್ಮ ಸರ್. ನನ್ನ ಪರವಾಗಿ ಅವರು ಆಡಿದ್ದು ಅದೊಂದೇ ಮಾತು. ನನಗೆ ಅದು ಸಾಕಾಗಿತ್ತು. ಆದರೆ ಪ್ರಕಟಿಸುವಾಗ ತಮ್ಮ ಹೆಸರು ಸೇರಿಸಬೇಡವೆಂದರು. ಹಾಗಾಗಿ ಆ ಲೇಖನ ನನ್ನ ಒಬ್ಬಳ ಹೆಸರಲ್ಲೇ ಬಂತು. ಕೊನೆಯಲ್ಲಿ ಅಕ್ಕನಿಗೆ ಕೃತಜ್ಞತೆ ಬರೆದೆ, ಹಿಡಿದವರು ಯಾರು ಎಂಬಲ್ಲಿ ಆಕೆಯ ಹೆಸರನ್ನೇ ಹಾಕಿದೆ. ಓದಿ ಹೇಳಿದಾಗ ಆಕೆ, "ಗುತ್ತಿಗಿಯವನಿಗೂ ಒಂದು ಕಾಪಿ ಕೊಡು," ಎಂದಳು.

ಈಗ ನಾನು ಲಕ್ಷ್ಮೇಶ್ವರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೊಸ ನಕ್ಷೆಯಲ್ಲಿ ನಮ್ಮ ಹೊಳೆಯ ಮೇಲೆ ಒಂದು ಚುಕ್ಕೆ ಇದೆ. ಒಂದೇ ಒಂದು. ಶಿರಹಟ್ಟಿ ಕಡೆಯ ದಂಡೆಯನ್ನು ಇನ್ನೂ ಸರಿಯಾಗಿ ನೋಡಿಲ್ಲ. ಅಲ್ಲಿ ಇಲ್ಲ ಎಂದು ಈಗಾಗಲೇ ಇಬ್ಬರು ನನಗೆ ಹೇಳಿದ್ದಾರೆ, ಇಬ್ಬರೂ ಅಲ್ಲಿಗೆ ಹೋದವರಲ್ಲ. ಈ ರವಿವಾರದಿಂದ ಹೋಗಬೇಕೆಂದಿದ್ದೇನೆ.

ಹೌದಿನ ಮೀನುಗಳನ್ನು ಪರೀಕ್ಷೆ ಮುಗಿದ ಮೇಲೆ ಹಿಡಿದ ಜಾಗಕ್ಕೇ ತೆಗೆದುಕೊಂಡು ಹೋಗಿ ಬಿಟ್ಟೆವು. ಹೊರಡುವಾಗ ಆಯಿ ಹಿತ್ತಿಲಿಗೆ ಬರಲಿಲ್ಲ, ಮಲಗಿದ್ದೇನೆಂದು ಹೇಳಿ ಕಳಿಸಿದಳು. ಹೊಳೆಯಲ್ಲಿ ಅಕ್ಕ ಹರಗೋಲನ್ನು ಬಂಡೆಗೆ ತಾಗಿಸಿ ಹಿಡಿದಳು. ನಾನು ಮೀನು ತುಂಬಿ ತಂದಿದ್ದ ದೊಡ್ಡ ಡಬ್ಬಿ ಬಾಗಿಸಿದೆ. ಮೀನುಗಳು ಒಂದು ಕ್ಷಣ ಹರಿವಿಗೆ ಮುಖ ಕೊಟ್ಟು ನಿಂತವು, ಆಮೇಲೆ ಕಲ್ಲಿನ ಬಣ್ಣದಲ್ಲಿ ಕಲೆತುಹೋದವು.

"ನನ್ನ ಬಲಿಗೆ ಬಿದ್ರ ಮಾರತೇನಿ ನೋಡು. ಈಗಽ ಹೇಳಿರತೇನಿ," ಎಂದಳು ಅಕ್ಕ.

"ಮಾರ್ರಿ," ಎಂದೆ. "ಯಾವ ಊರಿನ ಮೀನ ಅಂತ ಯಾರರ ಕೇಳಿದ್ರ ಮಾತ್ರ ಇಲ್ಲೀದಽ ಅಂತ ಜೋರಲೆ ಹೇಳ್ರಿ."